ಹಳೆ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್, ಪಕ್ಕದಲ್ಲಿ ಒಂದು ಮಾನಿಟರ್. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಜೋಡಿ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಸುಮಾರು 2010ರಿಂದ 2016ರವರೆಗಿನ ಲ್ಯಾಪ್‌ಟಾಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಎಚ್‌ಡಿಎಂಐ-1, ವಿಜಿಎ-1ರಂಥ ಪೋರ್ಟ್ ಹೆಸರು ಮಾತ್ರ ದೊಡ್ಡಕ್ಷರದಲ್ಲಿ. ಪರದೆಗಳ ಜೋಡಣೆ ನೋಡಲು, ಬದಲಿಸಲು ಹೆಚ್ಚು ಸಲ ಬರುವ ಎಕ್ಸ್‌ರಾಂಡ್‌ಆರ್ ಕಮಾಂಡಿನ ಅಕ್ಷರಗಳು ಹೀಗೆ: ಎಕ್ಸ್, ಆರ್, ಎ, ಎನ್, ಡಿ, ಆರ್.

ಪ್ರ: ವೈರ್ ಹಚ್ಚೀನಿ, ಮಾನಿಟರ್‌ದಾಗ ಏನೂ ಬರವಲ್ದು. ಮೊದ್ಲ ಏನ್ ನೋಡ್ಬೇಕ್ರಿ?

ಮೊದಲು ಮಾನಿಟರ್ ಏನು ಹೇಳುತ್ತಿದೆ ಓದಿ. "ನೋ ಸಿಗ್ನಲ್" ಎಂದರೆ ಲ್ಯಾಪ್‌ಟಾಪ್‌ನಿಂದ ಏನೂ ಬರುತ್ತಿಲ್ಲ, ಅಥವಾ ಮಾನಿಟರ್‌ನ ಸೋರ್ಸ್ ಬಟನ್ ಬೇರೆ ಪೋರ್ಟ್ ಮೇಲಿದೆ. "ಚೆಕ್ ಕೇಬಲ್" ಎಂದರೆ ವೈರ್ ಸಿಕ್ಕಿಸಿದ್ದೇ ಅದಕ್ಕೆ ಗೊತ್ತಾಗಿಲ್ಲ. "ಔಟ್ ಆಫ್ ರೇಂಜ್" ಬಂದರೆ ಖುಷಿ ಪಡಿ: ಕೇಬಲ್, ಪೋರ್ಟ್ ಎರಡೂ ಚೆನ್ನಾಗಿವೆ, ಲ್ಯಾಪ್‌ಟಾಪ್ ಕಳಿಸುತ್ತಿರುವ ರೆಸಲ್ಯೂಶನ್ ಮಾತ್ರ ಮಾನಿಟರ್‌ಗೆ ಆಗುತ್ತಿಲ್ಲ.

ಆಮೇಲೆ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಕೇಳಿ. ಸೆಟ್ಟಿಂಗ್ಸ್ ತಿರುವುವುದು, ಡ್ರೈವರ್ ಹಾಕುವುದು, ಲಿನಕ್ಸ್ ಅಳಿಸಿ ಮತ್ತೆ ಹಾಕುವುದು ಇದೆಲ್ಲ ಇದಾದ ಮೇಲಿನ ಮಾತು. ಟರ್ಮಿನಲ್ ತೆರೆದು ಇದನ್ನು ಕೊಡಿ:

ಗ್ರೆಪ್ . /ಸಿಸ್/ಕ್ಲಾಸ್/ಡಿಆರ್‌ಎಂ/*/ಸ್ಟೇಟಸ್

ಗ್ರೆಪ್ ಆದ ಮೇಲೆ ಜಾಗ ಬಿಟ್ಟು ಒಂದು ಚುಕ್ಕೆ, ಮತ್ತೆ ಜಾಗ. ಸಿಸ್ ಎಂದರೆ ಎಸ್, ವೈ, ಎಸ್. ಒಂದೊಂದು ಪೋರ್ಟ್‌ಗೂ ಒಂದೊಂದು ಸಾಲು ಬಂದು, ಕೊನೆಗೆ ಕನೆಕ್ಟೆಡ್ ಅಥವಾ ಡಿಸ್‌ಕನೆಕ್ಟೆಡ್ ಎಂದಿರುತ್ತದೆ. ಎಲ್‌ವಿಡಿಎಸ್ ಅಥವಾ ಇಡಿಪಿ ಎಂದಿರುವುದು ಲ್ಯಾಪ್‌ಟಾಪ್‌ನದೇ ಪರದೆ. ಇಂಟೆಲ್ ಯಂತ್ರದಲ್ಲಿ ಪೋರ್ಟ್ ಒಂದೇ ಇದ್ದರೂ ಎಚ್‌ಡಿಎಂಐ, ಡಿಪಿ ಹೆಸರಿನ ನಾಲ್ಕೈದು ಸಾಲು ಬರಬಹುದು, ಗಾಬರಿ ಬೇಡ.

ಇಲ್ಲಿಂದ ದಾರಿ ಮೂರಾಗುತ್ತದೆ. ಮಾನಿಟರ್ ಹಚ್ಚಿದಾಗಲೂ ಡಿಸ್‌ಕನೆಕ್ಟೆಡ್ ಇದ್ದರೆ ದೋಷ ಕೇಬಲ್, ಕನ್ವರ್ಟರ್, ಪೋರ್ಟ್ ಅಥವಾ ಮಾನಿಟರ್‌ನದು, ಸಾಫ್ಟ್‌ವೇರ್ ಮುಟ್ಟಬೇಡಿ. ಕನೆಕ್ಟೆಡ್ ಇದ್ದೂ ಚಿತ್ರ ಇಲ್ಲದಿದ್ದರೆ ಡೆಸ್ಕ್‌ಟಾಪ್ ಸೆಟ್ಟಿಂಗ್ ನೋಡಿ. ಬಹಳ ಸಲ ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಜತೆ ಪಿ ಒತ್ತಿದರೇ ಮುಗಿಯುತ್ತದೆ. ಆ ಪೋರ್ಟ್‌ನ ಸಾಲೇ ಇಲ್ಲದಿದ್ದರೆ ಡ್ರೈವರ್ ವಿಷಯ, ಕೆಳಗೆ "ಡಿಫಾಲ್ಟ್" ಮತ್ತು ಎನ್ವಿಡಿಯಾ ಪ್ರಶ್ನೆ ಓದಿ.

ಪ್ರ: ಡಿಸ್‌ಕನೆಕ್ಟೆಡ್ ಅಂತ ಬರ್ಲತ್ತದ. ಕೇಬಲ್ ಹೋಗ್ಯಾದೇನು?

ಇರಬಹುದು. ಆದರೆ ಕೇಬಲ್ ಎಸೆಯುವ ಮೊದಲು ಮಾನಿಟರ್‌ನ ಪವರ್ ಪ್ಲಗ್ಗನ್ನು ಗೋಡೆಯ ಸಾಕೆಟ್‌ನಿಂದಲೇ ಕಿತ್ತು ಎರಡು ನಿಮಿಷ ಬಿಡಿ. ಕರೆಂಟು ಹೋಗಿ ಬಂದಾಗ ಮಾನಿಟರ್ ಒಳಗಿನ ಚಿಪ್ ಅರ್ಧಕ್ಕೇ ನಿಂತುಬಿಡುವುದುಂಟು. ಮುಂದಿನ ಬಟನ್ ಒತ್ತಿದರೆ ಅದು ಬರೀ ನಿದ್ದೆಗೆ ಹೋಗುತ್ತದೆ, ಪೂರ್ತಿ ಬಂದ್ ಆಗುವುದಿಲ್ಲ.

ವಿಜಿಎ ಕೇಬಲ್ ಆದರೆ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಗಲದ ಬದಿ ಮೇಲೆ ಬರುವಂತೆ ಹಿಡಿದರೆ ಐದೈದು ಪಿನ್ನಿನ ಮೂರು ಸಾಲು ಕಾಣುತ್ತವೆ. ನಡುವಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯದು, ಅಂದರೆ 9ನೇ ಪಿನ್, ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದು ಮುರಿದದ್ದಲ್ಲ. ನೋಡಬೇಕಾದ್ದು ಕೆಳಗಿನ ಸಾಲಿನ ಎರಡನೆಯದು ಮತ್ತು ಕೊನೆಯದು, 12 ಮತ್ತು 15. ಮಾನಿಟರ್ ತನ್ನ ಪರಿಚಯ ಹೇಳುವುದು ಈ ಎರಡರ ಮೂಲಕ. ಬಾಗಿದ್ದರೆ ಖಾಲಿಯಾದ ಜೆಲ್ ಪೆನ್ನಿನ ರೀಫಿಲ್ ತುದಿಯಿಂದ ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಒಮ್ಮೆ ಬಾಗಿ ನೆಟ್ಟಗಾದ ಪಿನ್ ಮತ್ತೊಮ್ಮೆ ಬಾಗಿದರೆ ಮುರಿಯುವುದೇ ಹೆಚ್ಚು. ಸಿಕ್ಕಿಸಿದ ಮೇಲೆ ಎರಡೂ ಸ್ಕ್ರೂ ತಿರುವಿ. ಸ್ಕ್ರೂ ಇಲ್ಲದೆ ಜೋತುಬಿದ್ದ ವಿಜಿಎ ಕೇಬಲ್ ತನ್ನ ಭಾರಕ್ಕೇ ಒಂದು ಬದಿ ಸಡಿಲಾಗುತ್ತದೆ.

ಎಚ್‌ಡಿಎಂಐಯಲ್ಲಿ ಪೋರ್ಟ್ ಒಳಗಿನ ದೂಳು ದೊಡ್ಡ ಕಾಟ. ವಾಡಿ, ಶಹಾಬಾದ್, ಸೇಡಂ ಕಡೆಯ ಸಿಮೆಂಟ್ ಮತ್ತು ಕಲ್ಲಿನ ಪುಡಿ, ದಾಲ್ ಮಿಲ್ಲಿನ ತೊಗರಿ ಹೊಟ್ಟಿನ ದೂಳು ಸಂಪರ್ಕದ ಮೇಲೆ ಕೂತರೆ ಸಿಗ್ನಲ್ ಬಂದು ಬಂದು ಹೋಗುತ್ತದೆ. ಬಾಯಿಂದ ಊದಬೇಡಿ, ಉಗುಳಿನ ತೇವ ಸೇರಿ ಪುಡಿ ಇನ್ನೂ ಅಂಟುತ್ತದೆ. ಲ್ಯಾಪ್‌ಟಾಪ್ ಬಂದ್ ಮಾಡಿ, ಬ್ಯಾಟರಿ ತೆಗೆಯಲು ಬಂದರೆ ತೆಗೆದು, ಒಣ ಬ್ರಷ್ಷಿನಿಂದ ದೂಳು ಕೆಡವಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ತಾಗಿಸಿದ ಬ್ರಷ್ ಆಡಿಸಿ, ಪೂರ್ತಿ ಆರಿದ ಮೇಲೆ ಚಾಲೂ ಮಾಡಿ.

ಇಷ್ಟಾದರೂ ಡಿಸ್‌ಕನೆಕ್ಟೆಡ್ ಇದ್ದರೆ ಅದೇ ಕೇಬಲ್, ಅದೇ ಮಾನಿಟರ್ ಇನ್ನೊಂದು ಕಂಪ್ಯೂಟರ್‌ಗೆ ಹಚ್ಚಿ. ಅಲ್ಲಿ ನಡೆದರೆ ನಿಮ್ಮ ಲ್ಯಾಪ್‌ಟಾಪ್ ಪೋರ್ಟ್ ಹೋಗಿದೆ.

ಪ್ರ: ಚಿತ್ರ ಬರ್ತದ, ಖರೆ ಎಲ್ಲಾ ಹಳದಿ ಆಗ್ಯಾದ.

ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಪಿನ್ನಿನಲ್ಲಿ ಬರುತ್ತವೆ: ಮೇಲಿನ ಸಾಲಿನ 1, 2, 3. ನೀಲಿ ಕಡಿದರೆ ಬಿಳಿ ಜಾಗ ಹಳದಿಯಾಗುತ್ತದೆ, ಹಸಿರು ಕಡಿದರೆ ಗುಲಾಬಿ ನೇರಳೆ, ಕೆಂಪು ಕಡಿದರೆ ನೀಲಿಹಸಿರು. ಕೇಬಲ್ ಬದಲಿಸಿ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಮದ್ದಿಲ್ಲ.

ಪ್ರ: ಮಾನಿಟರ್ ಫುಲ್ ಎಚ್‌ಡಿ ಅದ, 1024×768ಕ್ಕಿಂತ ಮ್ಯಾಲ ಹೋಗವಲ್ದು.

ಮಾನಿಟರ್ ತಾನು ಯಾವ ರೆಸಲ್ಯೂಶನ್ ತೋರಿಸಬಲ್ಲೆ ಎಂದು 128 ಬೈಟ್‌ನ ಚಿಕ್ಕ ಮಾಹಿತಿಯನ್ನು ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ಅದರ ಹೆಸರು ಇಡಿಐಡಿ. ಹೊಸ ಮಾನಿಟರ್‌ಗಳಲ್ಲಿ ಅದಕ್ಕೆ ಇನ್ನೂ 128 ಬೈಟ್ ಸೇರಿರುತ್ತದೆ. ಮೇಲೆ ಹೇಳಿದ 12, 15ನೇ ಪಿನ್ ಕಡಿದರೆ ಚಿತ್ರ ಮಾನಿಟರ್‌ಗೆ ತಲುಪುತ್ತದೆ, ಆದರೆ ಪರಿಚಯ ಬರುವುದಿಲ್ಲ; ಆಗ ಲಿನಕ್ಸ್ ಸುರಕ್ಷಿತ ಎಂದು 1024×768ಕ್ಕೆ ನಿಲ್ಲುತ್ತದೆ. ಮಾನಿಟರ್ ಹಳೆಯದು, ಗ್ರಾಫಿಕ್ಸ್ ಶಕ್ತಿ ಸಾಲದು ಎಂಬ ಅಂಗಡಿಯ ಮಾತನ್ನು ಇಲ್ಲಿ ನಂಬಬೇಡಿ. ವಿಜಿಎ ಸ್ಪ್ಲಿಟರ್, ಉದ್ದದ ಎಕ್ಸ್‌ಟೆನ್ಶನ್ ವೈರ್ ನಡುವೆ ಇದ್ದರೂ ಇದೇ ಆಗುತ್ತದೆ, ಅವುಗಳಲ್ಲಿ ಎಷ್ಟೋ ಸಲ ಆ ಎರಡು ತಂತಿಗಳನ್ನು ಹಾಕಿಯೇ ಇರುವುದಿಲ್ಲ.

ಒಳ್ಳೆಯ ಕೇಬಲ್ ಹಾಕುವುದೇ ಸರಿಯಾದ ಪರಿಹಾರ. ಸಿಗುವವರೆಗೆ ಕೈಯಿಂದ ಮೋಡ್ (ರೆಸಲ್ಯೂಶನ್ ಮತ್ತು ಹರ್ಟ್ಜ್) ಕೊಡಬಹುದು. ಮಿಂಟ್‌ನಂಥ ಎಕ್ಸ್11 (ಪರದೆಗೆ ಚಿತ್ರ ಕಳಿಸುವ ಹಳೆ ವ್ಯವಸ್ಥೆ) ಡೆಸ್ಕ್‌ಟಾಪ್‌ನಲ್ಲಿ ಈ ಮೂರು ಸಾಲು, ಒಂದೊಂದಾಗಿ:

ಎಕ್ಸ್‌ರಾಂಡ್‌ಆರ್ --ನ್ಯೂಮೋಡ್ ಫುಲ್ 148.50 1920 2008 2052 2200 1080 1084 1089 1125 +ಎಚ್‌ಸಿಂಕ್ +ವಿಸಿಂಕ್

ಎಕ್ಸ್‌ರಾಂಡ್‌ಆರ್ --ಆಡ್‌ಮೋಡ್ ವಿಜಿಎ-1 ಫುಲ್

ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ವಿಜಿಎ-1 --ಮೋಡ್ ಫುಲ್

ಫುಲ್ ಎಂಬುದು ನಾವಿಟ್ಟ ಹೆಸರು, ಏನಾದರೂ ಇಡಬಹುದು. ವಿಜಿಎ-1 ಬದಲು ನಿಮ್ಮಲ್ಲಿ ಯಾವ ಹೆಸರಿದೆ ಎಂದು ಬರೀ ಎಕ್ಸ್‌ರಾಂಡ್‌ಆರ್ ಕೊಟ್ಟರೆ ಗೊತ್ತಾಗುತ್ತದೆ. 2200ನ್ನು 1125ರಿಂದ ಗುಣಿಸಿ, 148.5 ದಶಲಕ್ಷವನ್ನು ಅದರಿಂದ ಭಾಗಿಸಿದರೆ ಸರಿಯಾಗಿ 60 ಬರುತ್ತದೆ, ಅದೇ ಹರ್ಟ್ಜ್. 1600×900ರ ಮಾನಿಟರ್ ಆದರೆ ಅಂಕಿಗಳು 97.50 1600 1648 1680 1760 900 903 908 926, ಕೊನೆಗೆ +ಎಚ್‌ಸಿಂಕ್ -ವಿಸಿಂಕ್. ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿದಾಗ ಇದು ಅಳಿಸಿ ಹೋಗುತ್ತದೆ. ಹಾಗಾಗಿ ಮೂರೂ ಸಾಲನ್ನು ಒಂದು ಸ್ಕ್ರಿಪ್ಟ್ ಫೈಲ್‌ನಲ್ಲಿಟ್ಟು, ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಟ್ಟು, ಸ್ಟಾರ್ಟಪ್ ಅಪ್ಲಿಕೇಶನ್ಸ್‌ಗೆ ಸೇರಿಸಿ.

ಪ್ರ: 1366×768ರ ಚಿಕ್ಕ ಮಾನಿಟರ್‌ಗೆ ಲಿನಕ್ಸ್ 1360 ತೋರಿಸ್ತದ. ತಪ್ಪೇನು?

ತಪ್ಪಲ್ಲ. ಹಳೆ ಲೆಕ್ಕದಲ್ಲಿ ಅಗಲ 8ರಿಂದ ಭಾಗವಾಗಬೇಕು, 1366 ಆಗುವುದಿಲ್ಲ. ಬದಿಗೆ ಎಳೆಯಷ್ಟು ಕಪ್ಪು ಉಳಿದರೆ ಮಾನಿಟರ್‌ನ ಆಟೋ ಬಟನ್ ಒತ್ತಿ.

ಪ್ರ: ಲ್ಯಾಪ್‌ಟಾಪ್‌ನಾಗ ಎಚ್‌ಡಿಎಂಐ ಅದ, ಮಾನಿಟರ್‌ನಾಗ ಬರೇ ವಿಜಿಎ ಅದ. ಸಾದಾ ವೈರ್ ನಡೀತದೇನ್ರಿ?

ನಡೆಯುವುದಿಲ್ಲ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ನಡುವೆ ಬದಲಿಸುವ ಚಿಪ್ ಬೇಕೇ ಬೇಕು. ಒಳಗೆ ಚಿಪ್ ಇಲ್ಲದೆ ಎರಡು ತುದಿಗೆ ಎರಡು ಪ್ಲಗ್ ಹಾಕಿದ ವೈರ್‌ಗಳೂ ಮಾರಾಟಕ್ಕಿರುತ್ತವೆ, ಅವುಗಳಿಂದ ಉಪಯೋಗವಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ದಿಕ್ಕನ್ನು ಬಿಡಿಸಿ ಹೇಳಿ: ಲ್ಯಾಪ್‌ಟಾಪ್ ಕಡೆ ಎಚ್‌ಡಿಎಂಐ, ಮಾನಿಟರ್ ಕಡೆ ವಿಜಿಎ. ಉಲ್ಟಾ ದಿಕ್ಕಿನದು ಬೇರೆ ಸಾಮಾನು, ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿಯಿಂದ 5 ವೋಲ್ಟ್ ಕೊಡಬೇಕು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದು ಪೋರ್ಟ್‌ನಲ್ಲಿ ಬರುವ 5 ವೋಲ್ಟ್‌ನಲ್ಲೇ ನಡೆಯುತ್ತದೆ. ಆ ಪೋರ್ಟ್ ಕೊಡಲೇಬೇಕೆಂದು ನಿಯಮ ಹೇಳುವುದು ಬರೀ 55 ಮಿಲಿಆಂಪ್. ಹಾಗಾಗಿ ಕೆಲವು ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಕನ್ವರ್ಟರ್ ಐದು ನಿಮಿಷ ನಡೆದು ಆರುತ್ತದೆ. ಪಕ್ಕದಲ್ಲಿ ಮೈಕ್ರೊ ಯುಎಸ್‌ಬಿ ತೂತು ಇರುವ ಕನ್ವರ್ಟರ್ ಕೊಂಡರೆ ಈ ತಂಟೆ ಇಲ್ಲ.

ಎಚ್‌ಡಿಎಂಐಯಿಂದ ಡಿವಿಐಗೆ ಮಾತ್ರ ಸಾದಾ ವೈರ್ ಸಾಕು, ಎರಡೂ ಡಿಜಿಟಲ್.

ಪ್ರ: ಸೆಟ್ಟಿಂಗ್ಸ್‌ನಾಗ ಒಂದೇ ಡಿಸ್‌ಪ್ಲೇ ಕಾಣ್ತದ, ಹೆಸರು "ಡಿಫಾಲ್ಟ್" ಅಂತ ಅದ.

ಲಿನಕ್ಸ್ ಹಾಕುವಾಗ ಪರದೆ ಕಪ್ಪಾಯಿತೆಂದು ಯಾರೋ ಚಾಲೂ ಆಗುವ ಸಾಲಿಗೆ ನೊಮೋಡ್‌ಸೆಟ್ ಎಂಬ ಪದ ಸೇರಿಸಿ, ಆಮೇಲೆ ತೆಗೆಯದೆ ಬಿಟ್ಟಿರಬಹುದು. ಈ ಒಂದು ಪದ ಇದ್ದರೆ ಕರ್ನಲ್ ಗ್ರಾಫಿಕ್ಸ್ ಡ್ರೈವರ್‌ಗೆ ಕೆಲಸ ಕೊಡುವುದೇ ಇಲ್ಲ. ಹೊರಗಿನ ಮಾನಿಟರ್ ಇಲ್ಲ, ಬ್ರೈಟ್‌ನೆಸ್ ಬದಲಾಗುವುದಿಲ್ಲ, ವಿಡಿಯೊ ತಡೆತಡೆದು ಓಡುತ್ತದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಮೊದಲು ನೋಡಬೇಕಾದ್ದೇ ಇದು.

ಕ್ಯಾಟ್ /ಪ್ರಾಕ್/ಸಿಎಂಡಿಲೈನ್ ಕೊಟ್ಟು (ಪ್ರಾಕ್ ಎಂದರೆ ಪಿ, ಆರ್, ಓ, ಸಿ) ಆ ಪದ ಇದೆಯೇ ನೋಡಿ. ಇದ್ದರೆ ಒಮ್ಮೆಗೇ ಅಳಿಸಬೇಡಿ, ಮೊದಲು ಪರೀಕ್ಷೆ: ಚಾಲೂ ಆಗುವಾಗ ಗ್ರಬ್ ಮೆನುವಿನಲ್ಲಿ (ಲಿನಕ್ಸ್ ಆರಂಭಿಸುವ ಪಟ್ಟಿಯಲ್ಲಿ) ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಿಂದ ಆ ಪದ ಮಾತ್ರ ತೆಗೆದು ಎಫ್10 ಒತ್ತಿ. ಸರಿಯಾಗಿ ಬಂದರೆ ಸೂಡೊ ನ್ಯಾನೊ /ಇಟಿಸಿ/ಡಿಫಾಲ್ಟ್/ಗ್ರಬ್ ತೆರೆದು ಅಲ್ಲಿಂದಲೂ ತೆಗೆಯಿರಿ. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ಆಮೇಲೆ ಸೂಡೊ ಅಪ್‌ಡೇಟ್-ಗ್ರಬ್, ಮತ್ತೆ ರೀಸ್ಟಾರ್ಟ್. ಪರೀಕ್ಷೆಯಲ್ಲಿ ಪರದೆ ಕಪ್ಪಾದರೆ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿ. ಮುಂದಿನ ಸಲ ಹಳೆಯ ಹಾಗೇ ಬರುತ್ತದೆ. ಅಂಥ ಯಂತ್ರದಲ್ಲಿ ಎನ್ವಿಡಿಯಾ ಇರುವ ಸಂಭವ ಹೆಚ್ಚು.

ಪ್ರ: ಎನ್ವಿಡಿಯಾ ಇರೋ ಲ್ಯಾಪ್‌ಟಾಪ್. ವಿಜಿಎ ನಡೀತದ, ಎಚ್‌ಡಿಎಂಐ ನಡ್ಯಂಗಿಲ್ಲ.

ಇಂಟೆಲ್ ಮತ್ತು ಎನ್ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದೊಂದು ಪೋರ್ಟ್ ಒಂದೊಂದು ಚಿಪ್ಪಿಗೆ ಬೆಸೆದಿರುತ್ತದೆ. ನಿಮ್ಮ ಎಚ್‌ಡಿಎಂಐ ಎನ್ವಿಡಿಯಾ ಕಡೆ ಇದ್ದು, ಆ ಚಿಪ್ಪಿಗೆ ಡ್ರೈವರ್ ಇಲ್ಲದಿದ್ದರೆ ಪೋರ್ಟ್ ಸತ್ತ ಹಾಗೇ. ಎಕ್ಸ್‌ರಾಂಡ್‌ಆರ್ --ಲಿಸ್ಟ್‌ಪ್ರೊವೈಡರ್ಸ್ ಕೊಡಿ. ಎರಡು ಪ್ರೊವೈಡರ್, ಅಂದರೆ ಎರಡು ಗ್ರಾಫಿಕ್ಸ್ ಚಿಪ್, ಬಂದರೆ ಎಕ್ಸ್‌ರಾಂಡ್‌ಆರ್ --ಸೆಟ್‌ಪ್ರೊವೈಡರ್‌ಔಟ್‌ಪುಟ್‌ಸೋರ್ಸ್ 1 0 ಕೊಟ್ಟು ಮತ್ತೆ ಸೆಟ್ಟಿಂಗ್ಸ್ ನೋಡಿ.

ಎನ್ವಿಡಿಯಾದ ಸ್ವಂತ ಡ್ರೈವರ್ ಬೇಕೇ? 400 ಮತ್ತು 500 ಸರಣಿಯ ಫರ್ಮಿ ಚಿಪ್‌ಗಳಿಗೆ 390ನೇ ಆವೃತ್ತಿಯ ಡ್ರೈವರ್, 600 ಮತ್ತು 700ರ ಕೆಪ್ಲರ್‌ಗೆ 470. ಹೆಸರು 600 ಇದ್ದರೂ ಒಳಗೆ ಫರ್ಮಿಯೇ ಇರುವ ಲ್ಯಾಪ್‌ಟಾಪ್ ಚಿಪ್‌ಗಳೂ ಇವೆ, ಡ್ರೈವರ್ ಮ್ಯಾನೇಜರ್ ಏನು ಸೂಚಿಸುತ್ತದೋ ಅದನ್ನೇ ನಂಬಿ. 390ಕ್ಕೆ ಕಂಪನಿಯ ಬೆಂಬಲ 2022ಕ್ಕೇ ಮುಗಿದಿದೆ, ಹೊಸ ಕರ್ನಲ್ ಜತೆ ಅದು ಕಾದಾಡುತ್ತದೆ. ಟೈಪಿಂಗ್, ಲೆಕ್ಕಪತ್ರ, ಯೂಟ್ಯೂಬ್ ಇಷ್ಟೇ ಕೆಲಸವಾದರೆ ಲಿನಕ್ಸ್ ಜತೆಗೇ ಬರುವ ನೂವೊ ಡ್ರೈವರ್ ಸಾಕು. ಸ್ವಂತ ಡ್ರೈವರ್ ಹಾಕಿದರೂ ಕೆಲಸಕ್ಕೆ ಬರದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದೆಯೇ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ.

ಪ್ರ: ಲ್ಯಾಪ್‌ಟಾಪ್ ಜತಿ ಎರಡು ಮಾನಿಟರ್ ಹಚ್ಚಬಹುದೇನ್ರಿ?

ಪ್ರೊಸೆಸರ್ ಹೆಸರು ನೋಡಿ. ಐ5-2520ಎಂ ಎಂಬಂತೆ ನಾಲ್ಕಂಕಿಯಲ್ಲಿ ಮೊದಲನೆಯದು 2 ಆದರೆ ಅದು 2011ರ ಸ್ಯಾಂಡಿ ಬ್ರಿಡ್ಜ್, ಒಟ್ಟು ಎರಡೇ ಪರದೆ. ಮೂರನೆಯದಕ್ಕೆ "ಕ್ಯಾನಾಟ್ ಫೈಂಡ್ ಸಿಆರ್‌ಟಿಸಿ" ಎಂಬ ದೋಷ ಬರುತ್ತದೆ. ಲ್ಯಾಪ್‌ಟಾಪ್ ಪರದೆ ಬಂದ್ ಮಾಡಿದರೆ ಎರಡೂ ಮಾನಿಟರ್ ನಡೆಯುತ್ತವೆ: ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ಎಲ್‌ವಿಡಿಎಸ್-1 --ಆಫ್. ಮೊದಲಂಕಿ 3 ಆದರೆ 2012ರ ಐವಿ ಬ್ರಿಡ್ಜ್, 4 ಆದರೆ 2013ರ ಹ್ಯಾಸ್‌ವೆಲ್. ಇವುಗಳಲ್ಲಿ ಮೂರಕ್ಕೆ ಅವಕಾಶವಿದೆ. ಆದರೆ ಐವಿ ಬ್ರಿಡ್ಜ್‌ನಲ್ಲಿ ಹೊರಗಿನ ಎರಡು ಪರದೆಗಳು ಒಂದೇ ದಾರಿಯನ್ನು ಹಂಚಿಕೊಳ್ಳುವುದರಿಂದ ದೊಡ್ಡ ರೆಸಲ್ಯೂಶನ್‌ಗೆ ಅದು ತಕರಾರು ಮಾಡುತ್ತದೆ.

ಪ್ರ: 2ಕೆ ಮಾನಿಟರ್ ತಂದೀವಿ. 2560×1440 ಪಟ್ಟಿದಾಗೇ ಇಲ್ಲ.

ಸ್ಯಾಂಡಿ ಬ್ರಿಡ್ಜ್, ಐವಿ ಬ್ರಿಡ್ಜ್‌ಗಳ ಎಚ್‌ಡಿಎಂಐ ಪಿಕ್ಸೆಲ್ ಕಳಿಸುವ ವೇಗದ ಮಿತಿ 225 ಮೆಗಾಹರ್ಟ್ಜ್. 60 ಹರ್ಟ್ಜ್‌ನ 2560×1440ಕ್ಕೆ ಬೇಕಾದ್ದು 241.5. ಕೂದಲೆಳೆಯಲ್ಲಿ ತಪ್ಪಿತು ಅಷ್ಟೇ. 55 ಹರ್ಟ್ಜ್‌ಗೆ ಇಳಿಸಿದರೆ 221ರಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ ನ್ಯೂಮೋಡ್ ಸಾಲಿನಲ್ಲಿ ಈ ಅಂಕಿ ಹಾಕಿ: 221.00 2560 2608 2640 2720 1440 1443 1447 1478 +ಎಚ್‌ಸಿಂಕ್ -ವಿಸಿಂಕ್. ಎಲ್ಲ ಮಾನಿಟರ್‌ಗಳೂ 55ನ್ನು ಒಪ್ಪುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ಮಿನಿ ಡಿಸ್‌ಪ್ಲೇಪೋರ್ಟ್ ಇದ್ದರೆ ಈ ಸರ್ಕಸ್ಸೇ ಬೇಡ, ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ ನೇರ ಹಚ್ಚಿ, 60 ಬರುತ್ತದೆ.

ಪ್ರ: ಎಕ್ಸ್‌ರಾಂಡ್‌ಆರ್ ಕೊಟ್ರ "ಎಕ್ಸ್‌ವೇಲ್ಯಾಂಡ್" ಅಂತ ಹೆಸರು ಬರ್ತದ, ಏನೂ ಬದ್ಲಾಗವಲ್ದು.

ನೀವು ಎಕ್ಸ್11ರ ಬದಲು ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಷನ್‌ನಲ್ಲಿದ್ದೀರಿ. ಅಲ್ಲಿ ಎಕ್ಸ್‌ರಾಂಡ್‌ಆರ್ ನೋಡಬಲ್ಲದು, ಬದಲಿಸಲಾರದು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್‌ನಿಂದಲೇ ಬದಲಿಸಿ. ಕೈಯಿಂದ ಮೋಡ್ ಕೊಡಲೇಬೇಕೆಂದರೆ ಉಬುಂಟು 22.04 ಮತ್ತು 24.04ರಲ್ಲಿ ಲಾಗ್‌ಔಟ್ ಆಗಿ, ಹೆಸರು ಒತ್ತಿ, ಮೂಲೆಯ ಚಕ್ರದ ಗುರುತಿನಿಂದ "ಉಬುಂಟು ಆನ್ ಎಕ್ಸ್‌ಆರ್ಗ್" ಆರಿಸಿ. 25.10ರಿಂದ ಆ ಆಯ್ಕೆ ಇಲ್ಲ. ಹಳೆ ಲ್ಯಾಪ್‌ಟಾಪ್‌ಗೆ ಮಿಂಟ್ ಒಳ್ಳೆಯದು ಎನ್ನಲು ಇದೂ ಒಂದು ಕಾರಣ.

ಪ್ರ: ಶಾಲಿ ಪ್ರೊಜೆಕ್ಟರ್‌ಗೆ ಮಿರರ್ ಮಾಡಿದ್ರ ಎರಡೂ ಕಡಿ ಅಕ್ಷರ ದಪ್ಪ ದಪ್ಪ ಬರ್ತಾವ.

ಮಿರರ್‌ನಲ್ಲಿ ಎರಡಕ್ಕೂ ಹೊಂದುವ ರೆಸಲ್ಯೂಶನ್ನೇ ಬೇಕು. ಲ್ಯಾಪ್‌ಟಾಪ್ 1366×768, ಪ್ರೊಜೆಕ್ಟರ್ 1280×800 ಆದರೆ ಇಬ್ಬರೂ ಒಪ್ಪುವುದು ಬಹಳ ಸಲ 1024×768 ಮಾತ್ರ. ಮಿರರ್ ಬಿಟ್ಟು ಎಕ್ಸ್‌ಟೆಂಡ್ ಮಾಡಿ, ಸ್ಲೈಡ್ ಪ್ರೊಜೆಕ್ಟರ್ ಕಡೆ ಎಳೆದು ಎಫ್5 ಒತ್ತಿ. ಲಿಬ್ರೆಆಫೀಸ್ ಮುಂದಿನ ಸ್ಲೈಡ್ ಮತ್ತು ಗಡಿಯಾರವನ್ನು ನಿಮ್ಮ ಪರದೆಯಲ್ಲಿ ತೋರಿಸುತ್ತದೆ, ಮೇಷ್ಟ್ರಿಗೆ ಅದೇ ಅನುಕೂಲ.

ಪ್ರ: ಟಿವಿಗೆ ಹಚ್ಚಿದ್ರ ನಾಕೂ ಅಂಚು ಕತ್ತರಿಸಿ ಹೋಗ್ತಾವ, ಕಪ್ಪು ಬೂದಿ ಕಾಣ್ತದ.

ಅಂಚು ಕತ್ತರಿಸುವುದು ಟಿವಿಯ ಕೆಲಸ, ಲಿನಕ್ಸ್‌ನದಲ್ಲ. ಟಿವಿ ರಿಮೋಟ್‌ನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಎಂದಿರುವುದನ್ನು ಆರಿಸಿ. ಬೂದಿ ಬಣ್ಣಕ್ಕೆ, ಇಂಟೆಲ್ ಗ್ರಾಫಿಕ್ಸ್ ಮತ್ತು ಎಕ್ಸ್11 ಇದ್ದರೆ: ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ಎಚ್‌ಡಿಎಂಐ-1 --ಸೆಟ್ "ಬ್ರಾಡ್‌ಕಾಸ್ಟ್ ಆರ್‌ಜಿಬಿ" "ಫುಲ್". ಇಲ್ಲಿ ಬಿ, ಆರ್‌ಜಿಬಿ ಮತ್ತು ಎಫ್ ದೊಡ್ಡಕ್ಷರ, ಉದ್ಧರಣ ಚಿಹ್ನೆ ಬಿಡಬಾರದು.

ಪ್ರ: ಮಿಲ್ಲಿನ ಮೋಟರ್ ಚಾಲೂ ಆದಾಗೊಮ್ಮೆ ಮಾನಿಟರ್ ಕಪ್ಪಾಗಿ ಬರ್ತದ.

ದೊಡ್ಡ ಮೋಟರ್ ಎದ್ದೇಳುವಾಗ ಎಳೆಯುವ ಕರೆಂಟಿಗೆ ಲೈನಿನ ವೋಲ್ಟೇಜ್ ಒಂದು ಗಳಿಗೆ ಬೀಳುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಮಾನಿಟರ್‌ಗೆ ಇಲ್ಲ. ಮಾನಿಟರನ್ನು ಯುಪಿಎಸ್ ಮೇಲೆ ಹಾಕಿ ಅಥವಾ ಮೋಟರ್ ಇಲ್ಲದ ಫೇಸ್‌ಗೆ ಬದಲಿಸಿ. ಮಾನಿಟರ್ ದೀಪ ಆರದೆ ಚಿತ್ರ ಮಾತ್ರ ಹೋಗಿ ಬಂದರೆ ಕೇಬಲ್‌ಗೆ ಮೋಟರಿನ ವಿದ್ಯುತ್ ಅಡಚಣೆ ತಗಲುತ್ತಿದೆ: ಐದು ಮೀಟರ್ ದಾಟಿದ ಅಗ್ಗದ ಎಚ್‌ಡಿಎಂಐ ತೆಗೆದು ಒಂದೂವರೆ ಮೀಟರ್‌ನದು ಹಾಕಿ, ಕರೆಂಟಿನ ವೈರ್ ಪಕ್ಕ ಓಡಿಸಬೇಡಿ.

ವಿಜಿಎಯಲ್ಲಿ ಅಡ್ಡ ಪಟ್ಟಿಗಳು ಮೇಲಿಂದ ಕೆಳಗೆ ತೆವಳುತ್ತಿದ್ದರೆ ಅರ್ಥಿಂಗ್ ನೋಡಿಸಿ. ಚಾರ್ಜರ್ ಕಿತ್ತಾಗ ಪಟ್ಟಿ ಮಾಯವಾದರೆ ಖಾತ್ರಿ ಅದೇ. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಎರಡನ್ನೂ ಒಂದೇ ಮೂರು ಪಿನ್ನಿನ ಬೋರ್ಡ್‌ಗೆ ಹಾಕಿ. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಒಣಗಿ ಬಿರುಕು ಬಿಟ್ಟಾಗ ಅರ್ಥ್ ಪೈಪ್‌ನ ಹಿಡಿತವೂ ಸಡಿಲುತ್ತದೆ. ಅರ್ಥ್ ಗುಂಡಿಗೆ ನೀರು ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ.

ಪ್ರ: ಮುಚ್ಚಳ ಮುಚ್ಚಿ ಬರೇ ಮಾನಿಟರ್ ಮ್ಯಾಲ ಕೆಲ್ಸ ಮಾಡಬಹುದಾ?

ಮಾಡಬಹುದು. ಹೊರಗಿನ ಮಾನಿಟರ್ ಹಚ್ಚಿದ್ದರೆ ಮುಚ್ಚಿದರೂ ಲಿನಕ್ಸ್ ಮಲಗಬಾರದೆಂಬುದೇ ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಮೂಲ ನಿಯಮ. ಮಲಗಿದರೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಳದ ಆಯ್ಕೆಯನ್ನು "ಡು ನಥಿಂಗ್" ಮಾಡಿ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಬೇಡ. ಹಳೆ ಲ್ಯಾಪ್‌ಟಾಪ್‌ನ ಬಿಸಿ ಸ್ವಲ್ಪ ಕೀಬೋರ್ಡ್ ಮೂಲಕವೂ ಹೊರಬೀಳುತ್ತದೆ. ಮುಚ್ಚಳ ತೆರೆದೇ ಇಟ್ಟು, ಪರದೆಯನ್ನು ಸೆಟ್ಟಿಂಗ್ಸ್‌ನಿಂದ ಬಂದ್ ಮಾಡಿ.

ಪ್ರ: ನಿದ್ದಿಯಿಂದ ಎದ್ದ ಮ್ಯಾಲ ಮಾನಿಟರ್ ಕಪ್ಪೇ ಇರ್ತದ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ಅಕ್ಷರದ ಪರದೆ ಬಂದ ಮೇಲೆ ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್7, ಉಬುಂಟುವಿನಲ್ಲಿ ಎಫ್2. ಹೋಗಿ ಬರುವಾಗ ಕರ್ನಲ್ ಮೋಡನ್ನು ಹೊಸದಾಗಿ ಕೊಡುತ್ತದೆ.

ಪ್ರ: ಎಚ್‌ಡಿಎಂಐ ಹಚ್ಚಿದ್ಕೂಡ್ಲೇ ಲ್ಯಾಪ್‌ಟಾಪ್ ದನಿ ಬಂದ್.

ದನಿ ಮಾನಿಟರ್‌ಗೆ ಹೋಗಿದೆ, ಅದಕ್ಕೆ ಸ್ಪೀಕರ್ ಇಲ್ಲ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿ.

ಪ್ರ: ಮಾನಿಟರ್ ಬಿಚ್ಚಿದ ಮ್ಯಾಲ ವಿಂಡೋ ಕಾಣಂಗಿಲ್ಲ, ಪ್ಯಾನಲ್ ಇಲ್ಲ.

ಹಳೆ ಜೋಡಣೆಯ ನೆನಪು ಉಳಿದಿದೆ. ಹೋಮ್‌ನ ಒಳಗೆ ಅಡಗಿರುವ .ಕಾನ್ಫಿಗ್ ಫೋಲ್ಡರ್‌ನಲ್ಲಿ ಉಬುಂಟುವಾದರೆ ಮಾನಿಟರ್ಸ್.ಎಕ್ಸ್‌ಎಂಎಲ್, ಮಿಂಟ್ ಸಿನಮನ್ ಆದರೆ ಸಿನಮನ್-ಮಾನಿಟರ್ಸ್.ಎಕ್ಸ್‌ಎಂಎಲ್ ಇರುತ್ತದೆ. ಅಳಿಸದೆ ಹೆಸರು ಬದಲಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಪ್ರ: ಪೋರ್ಟೇ ಹೋಗ್ಯಾದ. ಯುಎಸ್‌ಬಿ ಟು ಎಚ್‌ಡಿಎಂಐ ತಗೊಳ್ಲೇನು?

ಡಿಸ್‌ಪ್ಲೇಲಿಂಕ್ ಚಿಪ್ ಇದೆಯೆಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ. ಅದಕ್ಕೂ ಉಬುಂಟು ಅಥವಾ ಮಿಂಟ್‌ನಲ್ಲಿ ಅವರ ಡ್ರೈವರ್ ಹಾಕಬೇಕು, ಯುಎಸ್‌ಬಿ 3ರ ನೀಲಿ ಪೋರ್ಟ್ ಇರಬೇಕು. ಹೆಸರಿಲ್ಲದ ಅಗ್ಗದವು ವಿಂಡೋಸ್ ಡ್ರೈವರ್ ಮೇಲೆ ನಡೆಯುವಂಥವು, ಲಿನಕ್ಸ್‌ನಲ್ಲಿ ಸುಮ್ಮನೆ ಕೂರುತ್ತವೆ. ನೋಡಲು ಹಾಗೇ ಇರುವ ಎಚ್‌ಡಿಎಂಐ ಕ್ಯಾಪ್ಚರ್ ಡಬ್ಬಿಯನ್ನು ತಂದುಕೊಳ್ಳಬೇಡಿ, ಅದು ಚಿತ್ರವನ್ನು ಲ್ಯಾಪ್‌ಟಾಪ್ ಒಳಗೆ ತರುವುದು, ಹೊರಗೆ ಕಳಿಸುವುದಲ್ಲ.

ಪ್ರ: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಅಂಗಡ್ಯಾಗೇ ಪರೀಕ್ಷೆ ಮಾಡೋದು ಹ್ಯಾಂಗ?

8 ಜಿಬಿ ಪೆನ್‌ಡ್ರೈವ್‌ನಲ್ಲಿ ಮಿಂಟ್ ಬರೆದುಕೊಂಡು ಹೋಗಿ. ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಬೇಡ. ಅಂಗಡಿಯ ಮಾನಿಟರನ್ನು ಪ್ರತಿ ಪೋರ್ಟ್‌ಗೂ ಹಚ್ಚಿ, ಪ್ರತಿ ಸಲ ಮೊದಲಿನ ಗ್ರೆಪ್ ಸಾಲು ಕೊಟ್ಟು ಕನೆಕ್ಟೆಡ್ ಬರುತ್ತದೆಯೇ ನೋಡಿ. ಪ್ಲಗ್ಗನ್ನು ಮೆಲ್ಲಗೆ ಮೇಲೆ ಕೆಳಗೆ ಅಲುಗಿಸಿ. ಚಿತ್ರ ಮಿನುಗಿದರೆ ಪೋರ್ಟ್‌ನ ಬೆಸುಗೆ ಬಿಟ್ಟಿದೆ, ಬೆಲೆ ಇಳಿಸಿ ಕೇಳಿ ಅಥವಾ ಬೇರೆಯದು ನೋಡಿ. ಡಿವಿಡಿ ಡ್ರೈವ್ ಇದೆ, ಬ್ಯಾಗ್ ಉಚಿತ ಎಂದು ಅವರು ಮಾತು ತಿರುಗಿಸಿದರೂ ಎರಡನೇ ಪೋರ್ಟ್ ನೋಡದೆ ಹಣ ಕೊಡಬೇಡಿ.